ದೀರ್ಘಾಯುಷಿಗಳಾದ ನಮ್ಮ ಅಜ್ಜಿಯರು



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡಗಳ ವೃತ್ತಾಂತವನ್ನೂ ಓದಿ ಸಂತೋಷಪಡುವುದು ವಾಡಿಕೆಯಾಗಿದೆ. ಈ ಸಲವಾದರೋ, ಅಕ್ಷರವನ್ನೇ ಕಲಿಯದಿದ್ದ ವೃದ್ಧ ಸ್ತ್ರೀಯರ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಲು ನಾವು ಬಯಸುತ್ತೇವೆ. ಓದುಬರಹ ಬಾರದವರೆಲ್ಲರೂ ಅವಿದ್ಯಾವಂತರೆಂಬ ಭಾವನೆಯು ವಿದ್ಯಾವಂತರ ಮನೆಗಳಲ್ಲಿ ಬೇರೂರಿರುವುದು. ಈ ಭಾವನೆಯು ಸರಿಯಲ್ಲವೆಂಬುದೂ, ಇದರಿಂದ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ನಷ್ಟವಾಗುತ್ತಿದೆಯೆಂಬುದೂ ನಮ್ಮ ಅಭಿಪ್ರಾಯ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಕಾಡುಗೊಲ್ಲರ ಕುಲದಲ್ಲಿ ಹುಟ್ಟಿ, ಕುರಿದನಗಳ ನಡುವೆ ಬೆಳೆದು, ಬಹುಕಾಲ ಬಾಳಿ ತೀರಿಕೊಂಡ ಈ ತಾಯಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಸಾವಿರಾರು ತ್ರಿಪದಿಗಳು ಅವರ ಕಂಠದಲ್ಲಿದ್ದವು. ಮದುವೆಯ ಸೋಬಾನೆ, ದೇವರ ಪದ, ಹಟ್ಟಿಯ ವೀರರ ಕಥೆ, ತವರಿನ ಹಂಬಲ, ಯಾವುದನ್ನು ಕೇಳಿದರೂ ಪುಸ್ತಕದ ಸಹಾಯವಿಲ್ಲದೆ ಅವರು ಹಾಡಬಲ್ಲವರಾಗಿದ್ದರು. ಜಾನಪದ ವಿದ್ವಾಂಸರಾದ ಕೃಷ್ಣಮೂರ್ತಿ ಹನೂರರು ಬಳಿಯಲ್ಲಿ ಕುಳಿತು, ಕೇಳಿ, ಬರೆದುಕೊಂಡು, ಆ ಹಾಡುಗಳನ್ನು ಪುಸ್ತಕರೂಪಕ್ಕೆ ತಂದುದರಿಂದಲೇ ಅವು ಇಂದು ನಮಗೆ ದೊರೆತಿವೆ. ಕೇಳುವವರೊಬ್ಬರು ಬಾರದಿದ್ದಲ್ಲಿ ಆ ಭಂಡಾರವು ಅವರೊಡನೆಯೇ ಮಣ್ಣುಗೂಡುತ್ತಿತ್ತು. ನಮ್ಮ ಸೀಮೆಯ ಎಷ್ಟು ಹಟ್ಟಿಗಳಲ್ಲಿ, ಎಷ್ಟು ಕೇರಿಗಳಲ್ಲಿ, ಹಾಗೆ ಕೇಳುವವರು ಬಾರದೆ ಹೋದರೋ ಲೆಕ್ಕವಿಟ್ಟವರಿಲ್ಲ.

ಇಷ್ಟೊಂದು ಹಾಡುಗಳು ಒಬ್ಬರ ನೆನಪಿನಲ್ಲಿ ನಿಲ್ಲುವುದು ಹೇಗೆಂದು ಮಕ್ಕಳು ಆಶ್ಚರ್ಯಪಡುವರು. ಕೆಲಸದ ಜೊತೆಯಲ್ಲಿ ಹಾಡೂ ಇದ್ದುದೇ ಇದಕ್ಕೆ ಕಾರಣ. ನಸುಕಿನಲ್ಲಿ ಇಬ್ಬರು ಹೆಂಗಸರು ಬೀಸುವ ಕಲ್ಲಿನ ಎದುರುಬದುರು ಕುಳಿತು ಗೂಟವನ್ನು ಹಿಡಿದರೆಂದರೆ ಒಬ್ಬಳು ಪದವನ್ನು ಎತ್ತುವಳು, ಮತ್ತೊಬ್ಬಳು ದನಿಗೂಡಿಸುವಳು. ಮೂರು ಸಾಲಿನ ಪದವು ಕಲ್ಲಿನ ಸುತ್ತಿಗೆ ಹೊಂದಿಕೊಂಡು ನಡೆಯುವುದು. ಹೀಗೆ ದಿನದಿನವೂ ಆವೃತ್ತಿಯಾದುದು ಮರೆಯುವುದೆಂತು? ಹಿಟ್ಟಿನ ಗಿರಣಿಗಳು ಬಂದು ನಮ್ಮ ಹೆಣ್ಣುಮಕ್ಕಳ ರಟ್ಟೆಯ ನೋವು ತಪ್ಪಿತು; ಅದು ಸಂತೋಷದ ವಿಷಯವೇ ಸರಿ. ಆದರೆ ಕಲ್ಲಿನೊಡನೆ ಹಾಡು ಕಲಿಯುವ ಪಾಠಶಾಲೆಯೂ ಮುಚ್ಚಿತು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಇದನ್ನು ಮೊದಲೇ ಮನಗಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಪರದೇಶದಿಂದ ಬಂದ ಕಿಟ್ಟೆಲ್ ಪಾದ್ರಿಯವರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಕನ್ನಡದ ಗಾದೆಗಳನ್ನು ಹೇರಳವಾಗಿ ಸೇರಿಸಿದರು. ಹೊರಗಿನವರಿಗೆ ಬೆಲೆಯುಳ್ಳದ್ದಾಗಿ ಕಂಡುದು ಮನೆಯವರಿಗೆ ಕಾಣದೆ ಹೋಗಬಾರದು.

ಹಾಡು ಮಾತ್ರವಲ್ಲ, ಪ್ರಾಣ ಉಳಿಸುವ ವಿದ್ಯೆಯೂ ಅಜ್ಜಿಯರಿಂದಲೇ ಬಂದುದುಂಟು. ನಮ್ಮ ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ಜನಿಸಿದ ಸೂಲಗಿತ್ತಿ ನರಸಮ್ಮನವರು ಹೆರಿಗೆ ಮಾಡಿಸುವ ಕೌಶಲವನ್ನು ತಮ್ಮ ಅಜ್ಜಿ ಮರಿಗೆಮ್ಮನವರಿಂದ ಕಲಿತರು. ದವಾಖಾನೆಯು ದೂರವಿದ್ದ ಆ ಬಯಲುಸೀಮೆಯಲ್ಲಿ ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಮಿಕ್ಕಿದ ಹೆರಿಗೆಗಳನ್ನು ಮಾಡಿಸಿದರೆಂದು ಖ್ಯಾತಿವೆತ್ತರು. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರನ್ನು ಹುಡುಕಿಕೊಂಡು ಬಂತು. ಅದೇ ವರ್ಷದ ಡಿಸೆಂಬರ್ 25ರಂದು, 98 ವರ್ಷಗಳ ತುಂಬುಬಾಳನ್ನು ಮುಗಿಸಿ ಅವರು ಕಣ್ಮುಚ್ಚಿದರು. ಮರಿಗೆಮ್ಮನವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ. ಆದರೆ ಮೊಮ್ಮಗಳ ಕೈಯಲ್ಲಿ ಹುಟ್ಟಿದ ಆ ಸಾವಿರಾರು ಶಿಶುಗಳ ಜೀವದಲ್ಲಿ ಆ ಅಜ್ಜಿಯ ಪಾಲೂ ಉಂಟಷ್ಟೆ.

ಇಲ್ಲಿ ಒಂದು ಆಕ್ಷೇಪಣೆಯು ಹುಟ್ಟುವುದು ಸಹಜ. “ಅಜ್ಜಿಯರ ಕಾಲವನ್ನು ಹೀಗೆ ಹೊಗಳಿದರೆ ಹುಡುಗಿಯರನ್ನು ಮತ್ತೆ ಆ ಕಾಲಕ್ಕೆ ಕಳುಹಿಸಿದಂತಾಗದೇ?” ಎಂದು ಯಾರಾದರೂ ಕೇಳಿಯಾರು. ಪ್ರಶ್ನೆಯು ಯುಕ್ತವಾದುದು, ಉತ್ತರವನ್ನು ನಾವು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅದೇ ನರಸಮ್ಮನವರಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಹಸಿ ಬಾಣಂತಿಯರನ್ನೂ ಕೂಸಿನ ಸಮೇತ ಹಟ್ಟಿಯಿಂದ ಹೊರಗಿರಿಸುವ ರೂಢಿಯು ನಡೆದುಬಂದುದನ್ನು ನೀವೆಲ್ಲರೂ ಬಲ್ಲಿರಿ. ಮಳೆಗೂ ಚಳಿಗೂ ಹುಳುಹುಪ್ಪಟೆಗೂ ಮೈಯೊಡ್ಡಿ ಮಲಗುವ ಆ ಕಷ್ಟವನ್ನು ಯಾವ ಹಾಡೂ ಸಮರ್ಥಿಸಲಾರದು. ಅಜ್ಜಿಯರ ಜ್ಞಾನವು ನಮಗೆ ಬೇಕು. ಅವರು ಪಟ್ಟ ಸಂಕಟವು ಮೊಮ್ಮಕ್ಕಳಿಗೆ ಬೇಡ. ಇವೆರಡನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಕಲಿಸುವುದೇ ಸ್ತ್ರೀವಿದ್ಯಾಭ್ಯಾಸದ ಕಾರ್ಯ. ಮೊಮ್ಮಗಳನ್ನು ಹದಿನೆಂಟು ತುಂಬುವುದರೊಳಗಾಗಿ ಧಾರೆಯೆರೆದು ಕೊಡುವ ಮನೆಯು ಅಜ್ಜಿಯ ಭಾವಚಿತ್ರಕ್ಕೆ ಎಷ್ಟು ಹೂವು ಮುಡಿಸಿದರೂ ಆಕೆಯನ್ನು ಗೌರವಿಸಿದಂತಾಗಲಿಲ್ಲ.

ಹಿರಿಯರ ಗೌರವವು ನಮ್ಮ ನಾಡಿಗೆ ಹೊಸತಾದ ಉಪದೇಶವಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಸ್ಥಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೊರೆಯಿಸಿದ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಶಿಷ್ಯನ ಗೌರವ, ಬಂಧುಗಳೊಡನೆ ತಕ್ಕ ನಡತೆ, ಇವುಗಳನ್ನು ಅಲ್ಲಿ ವಿಧಿಸಿ, ಇದು ಪುರಾತನವಾದ ನಡೆಯೆಂತಲೂ ದೀರ್ಘಾಯುಸ್ಸಿಗೆ ಸಾಧನವೆಂತಲೂ ಹೇಳಿದೆ. ಇತಿಹಾಸದ ಪಾಠದಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ಪಡೆದ ಹುಡುಗಿಯು ಮನೆಯಲ್ಲಿ ಅಜ್ಜಿಯ ಮಾತಿಗೆ ಕಿವಿಗೊಡದಿದ್ದರೆ ಆ ಪಾಠವು ಬಂಡೆಯ ಮೇಲೆಯೇ ಉಳಿದಂತಾಯಿತು.

ಕಿವಿಗೊಡದಿರಲು ಕಾರಣವು ಅನೇಕ ಸಲ ಅಹಂಕಾರವಲ್ಲ, ನಾಚಿಕೆ. ‘ಹಾಡು’ ಎನ್ನುವಲ್ಲಿ ‘ಆಡು’ ಎಂದೂ ‘ಹೇಳು’ ಎನ್ನುವಲ್ಲಿ ‘ಏಳು’ ಎಂದೂ ಅಜ್ಜಿ ಅನ್ನುವಳು. ಆಂಧ್ರದ ಗಡಿಗೆ ಅಂಟಿಕೊಂಡ ಮೊಳಕಾಲ್ಮುರಿನ ಎಷ್ಟೋ ಮನೆಗಳಲ್ಲಿ ಆಕೆ ಆಡುವುದು ತೆಲುಗು. ತರಗತಿಯಲ್ಲಿ ಇಂಥ ಮಾತಿಗೆ ನಗೆ ಎದ್ದರೆ ಮಗುವು ಅಂದಿನಿಂದ ಅಜ್ಜಿಯ ನುಡಿಯನ್ನು ಮರೆಸಲು ಯತ್ನಿಸುವುದು, ಕ್ರಮೇಣ ಅಜ್ಜಿಯನ್ನೇ ಮರೆಸುವುದು. ಗ್ರಂಥಭಾಷೆಯನ್ನು ಶುದ್ಧವಾಗಿ ಕಲಿಸುವುದು ಉಪಾಧ್ಯಾಯಿನಿಯರ ಕರ್ತವ್ಯ. ಮನೆಮಾತನ್ನು ಹೀಗಳೆಯುವುದು ಕರ್ತವ್ಯವಲ್ಲ. ಸಿರಿಯಜ್ಜಿಯವರ ಹಾಡುಗಳನ್ನು ವಿದ್ವಾಂಸರು ಅರಸಿಕೊಂಡು ಬಂದುದು ಹಟ್ಟಿಯ ನುಡಿಯನ್ನು ತಿದ್ದುವುದಕ್ಕಾಗಿ ಅಲ್ಲ.

ಆದಕಾರಣ ನಮ್ಮ ಸೂಚನೆಯು ಇಷ್ಟೆ. ರಜಾದಿನಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆಯ ಅಥವಾ ನೆರೆಮನೆಯ ಒಬ್ಬ ವೃದ್ಧೆಯ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಹಾಡೇ ಆಗಬೇಕೆಂಬ ನಿಯಮವಿಲ್ಲ. ಬರಗಾಲದಲ್ಲಿ ಸಂಸಾರ ನಡೆಸಿದ ಬಗೆ, ಸೊಪ್ಪುಗಳ ಹೆಸರು, ಕಂಬಳಿಯ ಉಣ್ಣೆಯನ್ನು ನೂತ ರೀತಿ, ಸೀರೆಯ ಮಗ್ಗಕ್ಕೆ ರೇಷ್ಮೆಯನ್ನು ಅಣಿಗೊಳಿಸಿದ ಕ್ರಮ, ಎಲ್ಲವೂ ಬರೆಯತಕ್ಕವೇ. ಅಜ್ಜಿ ಹೇಳಿದ ಮಾತನ್ನು ಹೇಳಿದಂತೆಯೇ ಬರೆಯಬೇಕು. ತೆಲುಗಾದರೆ ಕನ್ನಡ ಅಕ್ಷರಗಳಲ್ಲಿಯೇ ಬರೆಯಲಿ. ಆಕೆಯ ಹೆಸರನ್ನೂ ಊರನ್ನೂ ಯಾರಿಂದ ಕಲಿತಳೆಂಬುದನ್ನೂ ಮೇಲೆ ನಮೂದಿಸಬೇಕು. ಇಂದು ಮನೆಮನೆಯಲ್ಲಿಯೂ ಇರುವ ಮೊಬೈಲಿನಲ್ಲಿ ದನಿಯನ್ನೂ ಹಿಡಿದಿಡಬಹುದು. ಆದರೆ ಮೊದಲು ಆಕೆಯ ಒಪ್ಪಿಗೆಯನ್ನು ಕೇಳುವುದು ಮರ್ಯಾದೆ. ಈಗ ಗೃಹಿಣಿಯರೂ ಉದ್ಯೋಗಸ್ಥರೂ ಆಗಿರುವ ಹಳೆಯ ವಿದ್ಯಾರ್ಥಿನಿಯರಿಗೂ ಈ ಕೆಲಸವು ಅಸಾಧ್ಯವಲ್ಲ. ಪೋಷಕರು ದಿನಕ್ಕೆ ಅರ್ಧ ಗಂಟೆಯ ಬಿಡುವನ್ನು ಮಗಳಿಗೂ ಅಜ್ಜಿಗೂ ಒಟ್ಟಿಗೆ ಮಾಡಿಕೊಟ್ಟರೆ ಸಾಕು.

ತೊಂಬತ್ತು ವರ್ಷ ಬಾಳಿದ ಹೆಂಗಸು ಊರಿನ ಮೂರು ತಲೆಮಾರುಗಳ ಸುಖದುಃಖಗಳಿಗೆ ಸಾಕ್ಷಿಯಾಗಿರುವಳು. ಆಕೆಯ ಆಯುಸ್ಸನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿಲ್ಲ. ಆಕೆಯ ಮಾತಿನ ಆಯುಸ್ಸನ್ನು ಹೆಚ್ಚಿಸುವುದು ನಮ್ಮಿಂದಾಗುವ ಕೆಲಸ. ನಿಮ್ಮ ಮನೆಯಲ್ಲಿ ಅಂಥ ಹಿರಿಯರು ಇನ್ನೂ ಇದ್ದರೆ, ಮುಂದಿನ ಬೇಸಿಗೆಯ ರಜೆಯವರೆಗೆ ಕಾಯದೆ ಈ ಭಾನುವಾರವೇ ಪ್ರಾರಂಭಿಸಬೇಕೆಂದು ನಾವು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.