ದುಬೈಯ ರೂಮಿನಲ್ಲಿ ಗಾಝಾ ಫಂಡು
ಗಾಝಾದ ಮಕ್ಕಳ ಚಿತ್ರ ನೋಡಿದರೆ ದುಬೈಯಲ್ಲಿರುವ ನಮ್ಮ ಹುಡುಗರಿಗೆ ಸುಮ್ಮನೆ ಕೂರಲಾಗುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ ತಲೆಗಿಷ್ಟು ದಿರ್ಹಮ್ ಎಂದು ಎತ್ತಿಬಿಡುತ್ತಾರೆ. ಊರಲ್ಲಿ ಮಸೀದಿ ಬಾಗಿಲಲ್ಲಿ ಬಕೆಟ್ ಹಿಡಿದ ರೂಢಿ ನೋಡಿ! ಆದರೆ ಯುಎಇಯ 2021ರ ದೇಣಿಗೆ ಕಾನೂನಿನಂತೆ ಪರವಾನಗಿ ಇಲ್ಲದೆ ವ್ಯಕ್ತಿಗಳು ಹಣ ಎತ್ತುವುದೇ ಅಪರಾಧ. ಜೈಲು, ಭಾರೀ ದಂಡ ಎರಡೂ ಉಂಟು. ನಿಯ್ಯತ್ತು ಒಳ್ಳೆಯದಿತ್ತು ಎಂದರೆ ಕೇಸು ನಿಲ್ಲದು. ಕಾನೂನು ಕಠಿಣವೇ. ಆದರೂ ನಾವು ಕೊಟ್ಟ ದುಡ್ಡು ಯಾವ ಮಗುವಿಗೆ ಮುಟ್ಟಿತೆಂದು ಆ ಗ್ರೂಪಿನಲ್ಲಿ ಯಾರಾದರೂ ಕೇಳಿದ್ದೇವೆಯೇ? ಎಮಿರೇಟ್ಸ್ ರೆಡ್ ಕ್ರೆಸೆಂಟ್, ದುಬೈ ಕೇರ್ಸ್‌ನಂಥ ಪರವಾನಗಿ ಇರುವ ಸಂಸ್ಥೆಗಳಿವೆ. 2023ರ ಅಕ್ಟೋಬರ್‌ನ ‘ತರಾಹುಮ್’ ಅಭಿಯಾನದಲ್ಲಿ ಸ್ವಯಂಸೇವಕರು ಸಾಲಾಗಿ ನಿಂತು ಗಾಝಾಕ್ಕೆ ಕಿಟ್ ತುಂಬಿದ್ದರು. ನಮ್ಮವರ ರಜಾದಿನ ಅಂಥಲ್ಲಿಗೆ ಹೋಗಲಿ. ಎತ್ತಿಟ್ಟ ದುಡ್ಡನ್ನು ಅಡ್ಮಿನ್‌ಗಳು ಇವತ್ತೇ ಕೊಟ್ಟವರಿಗೆ ಹಿಂತಿರುಗಿಸಲಿ.