ಮೀನು ಬೀಳದಿದ್ದರೆ ಬಲೆ ಬೀಸಿದ್ದು ಸುಳ್ಳೇ?

'ದರೋಡೆಗೆ ಹೊಂಚು ಹಾಕಿದ್ದ ಐವರ ಬಂಧನ' ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸಿಕ್ಕಿದ್ದು ನಾಲ್ಕು ದೊಣ್ಣೆ, ಒಂದು ಮಚ್ಚು, ಒಂದು ಪೊಟ್ಟಣ ಖಾರದ ಪುಡಿ. ಯಾರ ಮನೆಯೂ ಲೂಟಿಯಾಗಿರುವುದಿಲ್ಲ. ಆದರೂ ಕಾನೂನು ಕಾಯುತ್ತ ಕೂರುವುದಿಲ್ಲ. ದರೋಡೆಗೆ ಸಿದ್ಧತೆ ನಡೆಸಿದ್ದಕ್ಕೇ ಹತ್ತು ವರ್ಷಗಳವರೆಗೆ ಕಠಿಣ ಸಜೆ. 1860ರ ದಂಡಸಂಹಿತೆಯಲ್ಲಿ ಹಾಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೆಯೇ ಇದೆ.

ಈಗ ಇನ್ನೊಂದು ಗುಂಪನ್ನು ನೋಡೋಣ. ಇವರ ಕೈಯಲ್ಲಿ ಮಚ್ಚಿಲ್ಲ, ಮೊಬೈಲ್ ಇದೆ. ನಿವೃತ್ತ ಶಿಕ್ಷಕಿಯೊಬ್ಬರಿಗೆ ಕರೆ ಮಾಡಿ, 'ನಾವು ಸಿಬಿಐನವರು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ' ಎಂದು ಹೆದರಿಸುತ್ತಾರೆ. ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲವೆಂಬುದು ಆಕೆಗೆ ಗೊತ್ತಿಲ್ಲ. ಜೀವಮಾನದ ಉಳಿತಾಯವನ್ನು ಅವರು ಹೇಳಿದ ಖಾತೆಗೆ ಹಾಕಲು ಬ್ಯಾಂಕಿಗೆ ಓಡುತ್ತಾರೆ. ಅಲ್ಲಿನ ಸಿಬ್ಬಂದಿಯೊಬ್ಬರಿಗೆ ಅನುಮಾನ ಬಂದು ತಡೆಯುತ್ತಾರೆ. ಠಾಣೆಗೆ ಹೋದರೆ ಸಿಗುವ ಉತ್ತರ: 'ದುಡ್ಡೇನೂ ಹೋಗಿಲ್ಲವಲ್ಲಮ್ಮಾ, ಮನೆಗೆ ಹೋಗಿ.'

ಕಾನೂನಿನ ಉತ್ತರವೂ ಇದಕ್ಕಿಂತ ಬಹಳ ಬೇರೆಯೇನಲ್ಲ. ವಂಚಿಸಿ ಹಣ ಪಡೆದರೆ 318ನೇ ಕಲಂ ಪ್ರಕಾರ ಏಳು ವರ್ಷಗಳವರೆಗೆ ಸಜೆ, ಜೊತೆಗೆ ದಂಡ. ಬರೀ ಯತ್ನವಾದರೆ 62ನೇ ಕಲಂ: ಅದರರ್ಧ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಅಂದರೆ ಹೆಚ್ಚೆಂದರೆ ಮೂರೂವರೆ ವರ್ಷ, ಕಡಿಮೆಯೆಂದರೆ ದಂಡ ಕಟ್ಟಿ ಮನೆಗೆ. ಮಚ್ಚು ಹಿಡಿದು ಕತ್ತಲಲ್ಲಿ ಕೂತವನಿಗೆ ಒಂದು ನ್ಯಾಯ, ಸುಳ್ಳು ಹಿಡಿದು ಮನೆಯೊಳಗೇ ನುಗ್ಗಿದವನಿಗೆ ಇನ್ನೊಂದು ನ್ಯಾಯವೇ?

ಯತ್ನಕ್ಕೆ ಶಿಕ್ಷೆ ಕಡಿಮೆಯಿದ್ದರೆ ತಪ್ಪಿಗೆ ಹೊರಟವನು ಅರ್ಧ ದಾರಿಯಲ್ಲಿ ಹಿಂದಿರುಗಬಹುದು ಎಂಬ ವಾದವಿದೆ. ತಾನಾಗಿ ಹಿಂದಿರುಗಿದವನಿಗೆ ರಿಯಾಯಿತಿ ಇರಲಿ, ನಮ್ಮ ತಕರಾರಿಲ್ಲ. ಆದರೆ ಇಲ್ಲಿ ಹಿಂದಿರುಗಿದವರು ಯಾರು? ವಂಚಕನನ್ನು ತಡೆದದ್ದು ಅವನ ಪಶ್ಚಾತ್ತಾಪವಲ್ಲ, ಬ್ಯಾಂಕಿನವರ ಜಾಗರೂಕತೆ. ಅವರ ಪುಣ್ಯದ ಫಲವನ್ನು ಇವನಿಗೇಕೆ ಕೊಡಬೇಕು? ನಮಗೆ ದಂಡಸಂಹಿತೆ ಬಿಟ್ಟುಹೋದ ಇಂಗ್ಲೆಂಡೇ 2006ರಲ್ಲಿ ತನ್ನ ಕಾನೂನು ತಿದ್ದಿಕೊಂಡಿತು. ಅಲ್ಲಿ ಲಾಭದ ಉದ್ದೇಶದಿಂದ ಅಪ್ರಾಮಾಣಿಕವಾಗಿ ಸುಳ್ಳು ಹೇಳಿದರೆ ಸಾಕು, ಹಣ ಕೈಸೇರದಿದ್ದರೂ ವಂಚನೆಯ ಅಪರಾಧ ಪೂರ್ಣ.

ಸಂಘಟಿತ ಅಪರಾಧದ 111ನೇ ಕಲಂ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಯತ್ನಕ್ಕೂ ಅದರಲ್ಲಿ ಕಠಿಣ ಶಿಕ್ಷೆಯಿದೆ. ಆದರೆ ಅದು ಅನ್ವಯಿಸಬೇಕಾದರೆ ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಸಲ್ಲಿಕೆಯಾಗಿರಬೇಕು. 'ದುಡ್ಡು ಹೋಗಿಲ್ಲ' ಎಂದು ದೂರುದಾರರನ್ನು ಸಾಗಹಾಕುವಲ್ಲಿ ಆರೋಪಪಟ್ಟಿ ಎಲ್ಲಿಂದ ಬರಬೇಕು? ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದ್ದು 2013ರಲ್ಲಿ.

ತಡವಾಗಿ ಎಚ್ಚರಗೊಳ್ಳುವುದರ ಬೆಲೆ ನಮಗೆ ಗೊತ್ತು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿದ ಐಎಂಎಯನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. 'ಹಲಾಲ್ ಹೂಡಿಕೆ' ಎಂಬ ಮಾತು ನಂಬಿ ಮಗಳ ಮದುವೆಗೆಂದು ಕೂಡಿಟ್ಟಿದ್ದನ್ನು ಅಲ್ಲಿಟ್ಟವರೆಷ್ಟು ಮಂದಿ! ದೂರುಗಳು ನಲ್ವತ್ತು ಸಾವಿರ ದಾಟಿದ್ದು ಬಾಗಿಲು ಮುಚ್ಚಿದ ಮೇಲೆ. ಲಾಭಾಂಶ ಬರುತ್ತಿದ್ದಷ್ಟು ದಿನ ಕೇಳುವವರಿರಲಿಲ್ಲ, ನಾವೂ ಗಟ್ಟಿಯಾಗಿ ಕೇಳಲಿಲ್ಲ. ಅದೇ ವರ್ಷ ಸಂಸತ್ತು ಒಪ್ಪಿದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಲ್ಲಿ, ಹಣ ಪಡೆಯುವುದಿರಲಿ, ಅಂಥ ಯೋಜನೆಗೆ ಠೇವಣಿ ಇಡಿ ಎಂದು ಜನರನ್ನು ಕರೆದದ್ದಕ್ಕೇ ಒಂದರಿಂದ ಐದು ವರ್ಷ ಸಜೆಯಿದೆ. ಠೇವಣಿಯ ವಿಷಯದಲ್ಲಿ ಸಾಧ್ಯವಾದದ್ದು ಉಳಿದ ವಂಚನೆಗಳಲ್ಲಿ ಏಕೆ ಸಾಧ್ಯವಿಲ್ಲ?

ಸಿಕ್ಕವರನ್ನೆಲ್ಲ ಜೀವಾವಧಿ ಜೈಲಿಗೆ ತಳ್ಳಿ ಎಂದು ನಾವು ಹೇಳುತ್ತಿಲ್ಲ. ಮೊದಲು ಸಿಕ್ಕಿಬೀಳುವವನು ಸಾಮಾನ್ಯವಾಗಿ ನಾಲ್ಕು ಕಾಸಿಗೆ ತನ್ನ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಟ್ಟ ಬಡ ಹುಡುಗ. ಸೂತ್ರಧಾರ ಎಲ್ಲೋ ತಣ್ಣಗಿರುತ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದ್ದರಿಂದಲೇ ಶಿಕ್ಷೆಗೆ ಮಾರ್ಗಸೂಚಿ ಬೇಕು. ಎಷ್ಟು ದೋಚಲು ಹೊರಟಿದ್ದ, ಎಷ್ಟು ಮಂದಿಗೆ ಬಲೆ ಬೀಸಿದ್ದ, ಗುಂಪಿನಲ್ಲಿ ಅವನ ಪಾತ್ರವೇನು ಎಂಬುದನ್ನು ನೋಡಿ ಸಜೆ ನಿರ್ಧಾರವಾಗಬೇಕು. ಕನ್ನಡದ ನೆಲದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಶಿಕ್ಷೆಯ ಮಾರ್ಗಸೂಚಿಗಳು ಬೇಕೆಂದಿತ್ತು. ಇಡೀ ದಂಡಸಂಹಿತೆಯನ್ನೇ ಹೊಸದಾಗಿ ಬರೆದವರಿಗೆ ಅದು ನೆನಪಾಗಲಿಲ್ಲ.

ಮೋಸ ಹೋಗುವವರಿರುವ ತನಕ ಮೋಸ ಮಾಡುವವರು ಇರುತ್ತಾರೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಶಿಕ್ಷಕಿ ಠಾಣೆಯಿಂದ ಬರಿಗೈಯಲ್ಲಿ ಮನೆ ಸೇರುವ ಹೊತ್ತಿಗೆ ಅದೇ ವಂಚಕ ಮತ್ತೊಂದು ನಂಬರಿಗೆ ಕರೆ ಮಾಡಿರುತ್ತಾನೆ. ಅಲ್ಲಿ ತಡೆಯಲು ಯಾರಾದರೂ ಇರುತ್ತಾರೆಯೇ?