ಸೋತವರ ದುಡ್ಡಿನಲ್ಲಿ ನಡೆಯುವ ಪರೀಕ್ಷೆ

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಮುಂದಿನ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ ಎಂದು ಹಳ್ಳಿಯ ತಂದೆ ತಾಯಿ ಇಂದಿಗೂ ನಂಬಿದ್ದಾರೆ. ಆದರೆ ಆ ದಾರಿಯುದ್ದಕ್ಕೂ ಈಗ ಸುಂಕದ ಕಟ್ಟೆಗಳಿವೆ. ವೈದ್ಯಕೀಯಕ್ಕೆ ನೀಟ್, ರಾಜ್ಯದ ಇಂಜಿನಿಯರಿಂಗ್ ಸೀಟಿಗೆ ಸಿಇಟಿ, ಎನ್‌ಐಟಿಗಳಿಗೆ ಜೆಇಇ, ಖಾಸಗಿ ಕಾಲೇಜುಗಳಿಗೆ ಕಾಮೆಡ್-ಕೆ, ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ಸಿಯುಇಟಿ. ಒಂದೊಂದು ಬಾಗಿಲಿಗೂ ಒಂದೊಂದು ಅರ್ಜಿ, ಒಂದೊಂದು ಅರ್ಜಿಗೂ ಒಂದೊಂದು ಶುಲ್ಕ.

2024ರ ದರಗಳನ್ನೇ ತೆಗೆದುಕೊಳ್ಳಿ. ಹಿಂದುಳಿದ ವರ್ಗಕ್ಕೆ ಸೇರಿದ ಹುಡುಗನೊಬ್ಬ ಸಿಇಟಿಗೆ 500 ರೂಪಾಯಿ ಕಟ್ಟಬೇಕಿತ್ತು, ನೀಟ್‌ಗೆ 1,600. ಜೆಇಇ ಮೇನ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎರಡನ್ನೂ ಬರೆದರೆ 1,800. ಕಾಮೆಡ್-ಕೆಗೆ 1,800. ಒಟ್ಟು 5,700 ರೂಪಾಯಿ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ಅಂದರೆ ಮಗ ಪರೀಕ್ಷಾ ಕೊಠಡಿಯೊಳಗೆ ಕಾಲಿಡುವ ಮೊದಲೇ ತಂದೆಯ ಹದಿನಾರು ದಿನಗಳ ಬೆವರು ಖರ್ಚಾಗಿ ಹೋಗಿರುತ್ತದೆ. ಅಷ್ಟಾದರೂ ಸೀಟು ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯಿಲ್ಲ.

ಇದು ಅಚ್ಚಾದ ಲೆಕ್ಕ. ಎಲ್ಲಿಯೂ ಅಚ್ಚಾಗದ ಲೆಕ್ಕ ಬೇರೆಯೇ ಇದೆ. ಹುಣಸೂರು ಮತ್ತು ಪಿರಿಯಾಪಟ್ಟಣದ ನಡುವೆ ಮಡಿಕೇರಿ ಹೆದ್ದಾರಿಯಲ್ಲಿರುವ ಕಂಪಲಾಪುರವನ್ನು ನೋಡಿ. ಹೊಗೆಸೊಪ್ಪು ಬೆಳೆಯುವ ಸೀಮೆ ಇದು. ಇಲ್ಲಿನ ಮಕ್ಕಳು ಅರ್ಜಿ ತುಂಬಲು ಸೈಬರ್ ಅಂಗಡಿಗೆ ದುಡ್ಡು ತೆರಬೇಕು. ಜಾತಿ ಮತ್ತು ಆದಾಯ ಪತ್ರಕ್ಕೆ ನಾಡಕಚೇರಿಗೆ ಅಲೆಯಬೇಕು. ರಾಜ್ಯದ 2ಬಿ ಪ್ರಮಾಣಪತ್ರ ನೀಟ್‌ಗೆ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇರೆ ಬೇಕು. ಅದು ಸಕಾಲಕ್ಕೆ ಕೈಸೇರದಿದ್ದರೆ ಸಾಮಾನ್ಯ ವರ್ಗದವರಂತೆ 1,700 ಕಟ್ಟಬೇಕು. ಪರೀಕ್ಷೆ ಬರೆಯಲು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು. ಶಕ್ತಿ ಯೋಜನೆಯಿಂದ 2023ರ ಜೂನ್ ನಂತರ ಹುಡುಗಿಯರ ಬಸ್ ಪ್ರಯಾಣವೇನೋ ಉಚಿತವಾಯಿತು. ಆದರೆ ಜೊತೆಗೆ ಹೋಗುವ ತಂದೆಯ ಟಿಕೆಟು, ಆ ದಿನದ ಅವನ ಕೂಲಿ? ಅದನ್ನು ಯಾವ ಪ್ರಾಧಿಕಾರ ಲೆಕ್ಕಕ್ಕೆ ಹಿಡಿದಿದೆ?

ಈ ಪರೀಕ್ಷೆಗಳು ಯಾವ ಭರವಸೆಯೊಂದಿಗೆ ಬಂದವು ಎಂಬುದನ್ನು ಮರೆಯಬಾರದು. ಡೊನೇಷನ್ ಹಾವಳಿಗೆ ಕಡಿವಾಣ ಬೀಳಲಿ, ದುಡ್ಡಿಲ್ಲದ ಪ್ರತಿಭಾವಂತನಿಗೂ ಸೀಟು ಸಿಗಲಿ ಎಂದೇ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಆರಂಭವಾಯಿತು. ಎಷ್ಟೋ ರೈತರ, ಕೂಲಿಕಾರರ ಮಕ್ಕಳು ಆ ಬಾಗಿಲಿನಿಂದಲೇ ಇಂಜಿನಿಯರು, ಡಾಕ್ಟರು ಆದರು. 2002ರ ಟಿ.ಎಂ.ಎ. ಪೈ ಪ್ರಕರಣದ ತೀರ್ಪಿನ ನಂತರ ಖಾಸಗಿ ಕಾಲೇಜುಗಳು ಕಾಮೆಡ್-ಕೆ ಎಂಬ ತಮ್ಮದೇ ಒಕ್ಕೂಟ ಕಟ್ಟಿಕೊಂಡು ತಮ್ಮದೇ ಪರೀಕ್ಷೆ ಆರಂಭಿಸಿದವು. 2016ರಿಂದ ನೀಟ್ ಕಡ್ಡಾಯವಾಯಿತು. ಡೊನೇಷನ್ ಬದಲು ಪರೀಕ್ಷೆ ಎಂದವರು ಕೊನೆಗೆ ಪರೀಕ್ಷೆಯನ್ನೇ ದುಡ್ಡಿನ ಬಾಬತ್ತನ್ನಾಗಿ ಮಾಡಿಬಿಟ್ಟರು.

ಈ ದುಡ್ಡನ್ನು ಕೊಡುವವರು ಯಾರು? 2024ರಲ್ಲಿ ನೀಟ್‌ಗೆ ನೋಂದಾಯಿಸಿಕೊಂಡವರು 24 ಲಕ್ಷ. ದೇಶದ ಎಂಬಿಬಿಎಸ್ ಸೀಟುಗಳು ಸುಮಾರು 1.1 ಲಕ್ಷ. ದಂತ ವೈದ್ಯಕೀಯ, ಆಯುಷ್ ಸೀಟುಗಳನ್ನು ಸೇರಿಸಿದರೂ ಬಹುಪಾಲು ಮಕ್ಕಳು ಬರಿಗೈಯಲ್ಲಿ ಮರಳುವವರೇ. ಅತ್ಯಂತ ಕಡಿಮೆ ಶುಲ್ಕವಾದ 1,000 ರೂಪಾಯಿಯನ್ನೇ ಎಲ್ಲರೂ ಕಟ್ಟಿದರು ಎಂದುಕೊಂಡರೂ ಒಂದೇ ಪರೀಕ್ಷೆಯಿಂದ 240 ಕೋಟಿ ರೂಪಾಯಿಯಾಯಿತು. ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ರೈತನಿಂದ ಸೇವಾ ಶುಲ್ಕ ಹಿಡಿಯುವುದು ಅವನ ಸರಕು ಮಾರಾಟವಾದ ಮೇಲೆ. ಇಲ್ಲಿ ಹಾಗಲ್ಲ, ಆಯ್ಕೆಯಾಗದ ಇಪ್ಪತ್ತಕ್ಕೂ ಹೆಚ್ಚು ಲಕ್ಷ ಮಕ್ಕಳಿಂದ ಮೊದಲೇ ವಸೂಲಿ. ಸೀಟು ಗೆದ್ದವನ ಪರೀಕ್ಷೆಯ ಖರ್ಚನ್ನು ಸೋತವನು ಹೊರುತ್ತಿದ್ದಾನೆ.

ಪರೀಕ್ಷೆ ನಡೆಸಲು ಖರ್ಚು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ, ನಿಜ. ಆದರೆ ಕೇಂದ್ರ ಸರಕಾರವೇ 2024ರಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರವನ್ನು ನೋಡಿ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಆರು ವರ್ಷಗಳಲ್ಲಿ ಸಂಗ್ರಹಿಸಿದ್ದು ಸುಮಾರು 3,513 ಕೋಟಿ, ಖರ್ಚು ಮಾಡಿದ್ದು ಸುಮಾರು 3,065 ಕೋಟಿ. ಉಳಿದದ್ದು 448 ಕೋಟಿ ರೂಪಾಯಿ! ಮಕ್ಕಳ ಪರೀಕ್ಷೆಯಲ್ಲಿ ಉಳಿತಾಯ ಮಾಡಲು ಅದೇನು ಅಂಗಡಿಯೇ? ಇಷ್ಟೆಲ್ಲ ವಸೂಲಿ ಮಾಡಿದ ಮೇಲೂ ಅದೇ ವರ್ಷ ನೀಟ್ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಇನ್ನು ಕೋಚಿಂಗ್. ನೀಟ್ ರ‍್ಯಾಂಕಿಗೆ ಪಿಯುಸಿ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಕಾಲೇಜಿನ ಪಾಠಕ್ಕಿಂತ ಕೋಚಿಂಗ್ ದೊಡ್ಡದಾಯಿತು. ನಗರದ ವಸತಿ ಕೋಚಿಂಗಿನ ಶುಲ್ಕ ಲಕ್ಷಗಳ ಮಾತು. ಸರಕಾರ ಇದನ್ನು ತಡೆಯುವ ಬದಲು ಅದರಲ್ಲಿ ತನ್ನ ಪಾಲನ್ನೂ ಎತ್ತಿಕೊಳ್ಳುತ್ತಿದೆ. ಚಿನ್ನದ ಮೇಲಿನ ಜಿಎಸ್‌ಟಿ ಶೇ. 3, ಕೋಚಿಂಗಿನ ಮೇಲಿನದು ಶೇ. 18. ಒಡವೆಗಿಂತ ಓದು ಐಷಾರಾಮ ಎಂದು ತೀರ್ಮಾನಿಸಿದ ಬುದ್ಧಿವಂತರು ಯಾರೋ!

ರಿಯಾಯಿತಿ ಇದೆಯಲ್ಲ ಎನ್ನಬಹುದು. ಸಿಇಟಿಯಲ್ಲಿ ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ ಅರ್ಧ ಶುಲ್ಕ. ಅದು ನ್ಯಾಯವೇ, ಅದನ್ನು ಯಾರೂ ಮುಟ್ಟಬಾರದು. ಆದರೆ 2ಎ, 2ಬಿ, 3ಎ, 3ಬಿಯ ಕೂಲಿಕಾರನೂ ಎಸ್ಟೇಟ್ ಮಾಲಿಕನೂ ಕಟ್ಟುವುದು ಒಂದೇ ಮೊತ್ತ. ನೀಟ್‌ನಲ್ಲಂತೂ ಎಷ್ಟೇ ಕಡುಬಡವನಾಗಿದ್ದರೂ ಪೂರ್ಣ ವಿನಾಯಿತಿ ಇಲ್ಲ. ಅನ್ನಭಾಗ್ಯದ ಅಕ್ಕಿ ಕೊಡುವಾಗ ಬಡತನ ಗುರುತಿಸುವ ಬಿಪಿಎಲ್ ಕಾರ್ಡು ಪರೀಕ್ಷೆಯ ಅರ್ಜಿಯ ಮುಂದೆ ಏಕೆ ಕುರುಡಾಗುತ್ತದೆ? ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ದೊರೆಯುವುದೂ ಸೀಟು ಸಿಕ್ಕಿದ ಮೇಲೆ. ಸೀಟಿನ ಬಾಗಿಲ ತನಕ ಬರಲಾಗದವನಿಗೆ ಅದರಿಂದೇನು ಪ್ರಯೋಜನ? ಪದವೀಧರ ಅಥವಾ ಡಿಪ್ಲೊಮಾ ಪಡೆದ ಮುಸ್ಲಿಮರು ಶೇ. 4ಕ್ಕಿಂತ ಕಡಿಮೆ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿದಾಗ ಎಲ್ಲರೂ ಮರುಗಿದರು. ಮರುಕದಿಂದ ಅರ್ಜಿ ಶುಲ್ಕ ಕಟ್ಟಲಾಗದು.

ಇದು ಒಂದು ಸಮುದಾಯದ ದೂರಲ್ಲ. ಹೊಗೆಸೊಪ್ಪಿನ ಬೆಲೆ ಕುಸಿದ ವರ್ಷ ಒಕ್ಕಲಿಗನ ಮನೆಯಲ್ಲೂ, ಕಾಫಿ ತೋಟದ ಕೂಲಿಗೆ ಹೋಗುವ ದಲಿತನ ಮನೆಯಲ್ಲೂ ಕೇಳುವುದು ಇದೇ ಪ್ರಶ್ನೆ: ಯಾವ ಪರೀಕ್ಷೆ ಬಿಡೋಣ? ದುಡ್ಡಿದ್ದವನು ಐದು ಬಾಗಿಲು ತಟ್ಟುತ್ತಾನೆ, ಇಲ್ಲದವನು ಒಂದನ್ನೇ ತಟ್ಟುತ್ತಾನೆ. ಆಮೇಲೆ ಇಬ್ಬರ ಫಲಿತಾಂಶವನ್ನೂ ಪ್ರತಿಭೆ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ.

ಪರಿಹಾರವೇನೂ ಆಕಾಶದಲ್ಲಿಲ್ಲ. ರೈಲ್ವೆ ನೇಮಕಾತಿ ಮಂಡಳಿ 2018ರ ನೇಮಕಾತಿಯಲ್ಲಿಯೇ ಪರೀಕ್ಷೆಗೆ ಹಾಜರಾದವರಿಗೆ 500ರಲ್ಲಿ 400 ರೂಪಾಯಿ ಹಿಂತಿರುಗಿಸುವ ನಿಯಮ ತಂದಿತು. ಪರಿಶಿಷ್ಟರು, ಮಹಿಳೆಯರು, ಅಲ್ಪಸಂಖ್ಯಾತರು, ಆರ್ಥಿಕವಾಗಿ ಹಿಂದುಳಿದವರಿಗೆ ಅವರು ಕಟ್ಟಿದ 250 ರೂಪಾಯಿಯನ್ನು ಪೂರ್ತಿಯಾಗಿ ಮರಳಿಸಿತು. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೂ ಬಡ ವಿದ್ಯಾರ್ಥಿಗಳಿಗೆ ಎಸ್‌ಎಟಿ ಪರೀಕ್ಷೆಯ ಶುಲ್ಕ ಮಾಫಿಯಿದೆ. ತಮಿಳುನಾಡು 2007ರಲ್ಲಿ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೇ ರದ್ದುಗೊಳಿಸಿ ಹನ್ನೆರಡನೆಯ ತರಗತಿಯ ಅಂಕದ ಮೇಲೆ ಸೀಟು ಕೊಡುತ್ತಿದೆ. ಅಲ್ಲಿ ಇಂಜಿನಿಯರುಗಳ ಬರಗಾಲವೇನೂ ಬಿದ್ದಿಲ್ಲ.

ನಮ್ಮ ವಿಧಾನಮಂಡಲ 2024ರ ಜುಲೈನಲ್ಲಿ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ಆದರೆ ನೀಟ್ ದಿಲ್ಲಿಯ ಕೈಯಲ್ಲಿದ್ದರೂ ಸಿಇಟಿ ಬೆಂಗಳೂರಿನ ಕೈಯಲ್ಲಿಯೇ ಇದೆಯಲ್ಲವೇ? ಬಿಪಿಎಲ್ ಕುಟುಂಬದ ಮತ್ತು ಸರಕಾರಿ ಪಿಯು ಕಾಲೇಜಿನ ಮಕ್ಕಳ ಸಿಇಟಿ ಶುಲ್ಕವನ್ನು ಸರಕಾರ ಮೊದಲು ಮನ್ನಾ ಮಾಡಲಿ. ನೀಟ್, ಜೆಇಇ ಶುಲ್ಕವನ್ನು ಅವರ ಪರವಾಗಿ ತಾನೇ ಕಟ್ಟಲಿ. ಆಮೇಲೆ ದಿಲ್ಲಿಗೆ ಬುದ್ಧಿ ಹೇಳಿದರೆ ಆ ಮಾತಿಗೊಂದು ತೂಕವಿರುತ್ತದೆ.

ಊರಿನ ಉಳ್ಳವರು, ಜಮಾಅತ್‌ಗಳು, ಸಂಘ ಸಂಸ್ಥೆಗಳು ಚಂದಾ ಎತ್ತಿ ಮಕ್ಕಳ ಶುಲ್ಕ ಕಟ್ಟಿದರೆ ಅದು ಪುಣ್ಯದ ಕೆಲಸ, ಮಾಡಲಿ. ಆದರೆ ಪರೀಕ್ಷೆ ಬರೆಯುವುದು ಮಗುವಿನ ಹಕ್ಕು. ಹಕ್ಕನ್ನು ಕೇಳಲು ಯಾರ ಮುಂದೆಯೂ ಕೈಯೊಡ್ಡಬೇಕಾದ ಸ್ಥಿತಿ ಇರಬಾರದು.